ದೇಶಾನುಕ್ರಮ ತೈಲಪಟ್ಟಿಕಾ ಮೀಮಾಂಸೆ

ಯಾವ ದೇಶವು ದಿನವೊಂದಕ್ಕೆ ಎಷ್ಟು ತೈಲವನ್ನು ಭೂಗರ್ಭದಿಂದ ಎತ್ತುತ್ತದೆ, ಯಾವ ದೇಶವು ಎಷ್ಟನ್ನು ಉರಿಸಿ ಆಕಾಶಕ್ಕೆ ಅರ್ಪಿಸುತ್ತದೆ ಎಂಬ ವಿಷಯವು ಗಾಣಿಗನ ಅಂಗಡಿಯ ಲೆಕ್ಕದಷ್ಟೇ ಸರಳವೆಂದು ಪಾಮರರಿಗೆ ತೋರಬಹುದಾದರೂ, ಒಂದು ಇಡೀ ಅಪರಾಹ್ನ ವಿದ್ವದ್ಗೋಷ್ಠಿಯೊಂದರಲ್ಲಿ ಕುಳಿತು, ದೇಶದೇಶಗಳ ಹೆಸರುಗಳನ್ನು ಅಂಕಿಗಳ ಸಮೇತ, ದಶಮಾಂಶಬಿಂದುವನ್ನೂ ಬಿಡದೆ, ವೇದಪಾಠದ ಗಾಂಭೀರ್ಯದಿಂದ ಓದಿದ ಪಂಡಿತರೊಬ್ಬರನ್ನು ಸಹಿಸಿಕೊಂಡು ಬಂದ ನನಗೆ, ಇದೊಂದು ಶಾಸ್ತ್ರವೇ ಹೌದೆಂದೂ, ಶಾಸ್ತ್ರವಾದ ಮೇಲೆ ಮೀಮಾಂಸೆ ಇಲ್ಲದಿರಲಾಗದೆಂದೂ ಮನವರಿಕೆಯಾಗಿದೆ. ಅಂದು ಚಹಾ ಆರಿಹೋಗಿತ್ತೆಂಬುದು ಪ್ರಕೃತ ವಿಷಯವಲ್ಲ.

ಮೊದಲನೆಯದು ಮಾನಪ್ರಕರಣ. ತೈಲವನ್ನು ಬ್ಯಾರೆಲ್ಲೆಂಬ ಪೀಪಾಯಿಯಲ್ಲಿ ಅಳೆಯತಕ್ಕದ್ದೆಂದು ಸರ್ವಸಮ್ಮತಿ. 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಎಂಬಾತನು ಬಾವಿ ಕೊರೆಯಿಸಿ ತೈಲವನ್ನು ಕಂಡಮೇಲೆ, ಅಲ್ಲಿನವರು ಕೈಗೆ ಸಿಕ್ಕಿದ ಪೀಪಾಯಿಗಳಲ್ಲೆಲ್ಲ, ವಿಸ್ಕಿಯದನ್ನೂ ಬಿಡದೆ, ಅದನ್ನು ತುಂಬಿದರು, ಕಲಹಗಳಾದವು, 1866ರಲ್ಲಿ, ನಲವತ್ತು ಗ್ಯಾಲನ್ನಿಗೆ ಎರಡು ಗ್ಯಾಲನ್ ಕೊಸರು ಸೇರಿಸಿ, 42 ಗ್ಯಾಲನ್, ಅಂದರೆ ಸುಮಾರು 159 ಲೀಟರು, ಎಂದು ನಿಷ್ಕರ್ಷೆಯಾಯಿತು. ದಾರಿಯಲ್ಲಿ ಸೋರುವುದಕ್ಕಾಗಿ ಆ ಕೊಸರು. ಈಗ ತೈಲವು ಕೊಳವೆಯಲ್ಲಿ ಹರಿಯುತ್ತದೆ, ಹಡಗಿನ ಒಡಲಲ್ಲಿ ತೇಲುತ್ತದೆ, ಪೀಪಾಯಿಯನ್ನಂತೂ ಯಾರೂ ತುಂಬುವುದಿಲ್ಲ. ಆದರೂ ಲೋಕವು ದಿನವೊಂದಕ್ಕೆ ಸುಮಾರು ಹತ್ತು ಕೋಟಿ ಪೀಪಾಯಿಗಳನ್ನು ಮುಗಿಸುತ್ತಿದೆ. ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ ಎಂದು ನಮ್ಮ ತಾರ್ಕಿಕರು ಪಟ್ಟಿಮಾಡಿದ ಅಸದ್ವಸ್ತುಗಳ ಸಾಲಿನಲ್ಲಿ ಈ ಪೀಪಾಯಿಯನ್ನೂ ಕೂರಿಸಲು ಅಡ್ಡಿಯಿಲ್ಲ.

ಎರಡನೆಯದು ವರ್ಗಪ್ರಕರಣ. ರಾಷ್ಟ್ರಗಳು ಪಂಚವಿಧ: ಸ್ರಾವಕ, ಶೋಷಕ, ಉಭಯಾತ್ಮಕ, ಅನುಭಯಾತ್ಮಕ, ಅನಿರ್ವಚನೀಯ ಎಂದು. ಕುವೈತು ಸ್ರಾವಕ. ತನ್ನ ನೆಲದಲ್ಲಿ ಹೇಳಿಕೊಳ್ಳುವಷ್ಟು ತೈಲವಿಲ್ಲದೆಯೂ ದಿನಕ್ಕೆ ಮೂವತ್ತು ಲಕ್ಷಕ್ಕೂ ಮಿಕ್ಕ ಪೀಪಾಯಿ ಹೀರುವ ಜಪಾನು ಶೋಷಕ. ಅಮೆರಿಕವು ಉಭಯಾತ್ಮಕಗಳಲ್ಲಿ ಚಕ್ರವರ್ತಿ. ಎತ್ತುವುದರಲ್ಲಿಯೂ ಅದೇ ಮೊದಲು, ಉರಿಸುವುದರಲ್ಲಿಯೂ ಅದೇ ಮೊದಲು. ಲೋಕದ ಜನರಲ್ಲಿ ನೂರಕ್ಕೆ ನಾಲ್ಕು ಪಾಲು ಅಲ್ಲಿದ್ದಾರೆ, ಲೋಕದ ತೈಲದಲ್ಲಿ ಐದನೆಯ ಒಂದು ಪಾಲು ಅಲ್ಲಿ ಮುಗಿಯುತ್ತದೆ. ಇನ್ನೊಂದು ಚೋದ್ಯವೂ ಉಂಟು: ಭತ್ತ ಹುರಿದರೆ ಅರಳಾಗಿ ಉಬ್ಬುವಂತೆ, ಕಚ್ಚಾತೈಲವೂ ಶುದ್ಧೀಕರಣಾಗಾರದಲ್ಲಿ ಗಾತ್ರದಲ್ಲಿ ಉಬ್ಬುತ್ತದೆ, ಈ ಉಬ್ಬನ್ನು ಕೂಡ ಅಮೆರಿಕದ ಲೆಕ್ಕದಲ್ಲಿ ಪೂರೈಕೆಯೆಂದು ಬರೆಯುತ್ತಾರೆ. ದಿನಕ್ಕೆ ಹತ್ತು ಲಕ್ಷ ಪೀಪಾಯಿಯಷ್ಟು ಉಬ್ಬು! ಅಷ್ಟು ಎಣ್ಣೆ ಕೊಡುವ ಬಾವಿಗಳುಳ್ಳ ದೇಶಗಳೇ ವಿರಳ. ಅನಿರ್ವಚನೀಯಕ್ಕೆ ಸಿಂಗಾಪುರ ನಿದರ್ಶನ. ಹಾದುಹೋಗುವ ಹಡಗುಗಳು ಅಲ್ಲಿ ತುಂಬಿಸಿಕೊಂಡದ್ದನ್ನೆಲ್ಲ ಆ ಪುಟ್ಟ ದ್ವೀಪದ ತಲೆಗೆ ಕಟ್ಟಿ, ಅಲ್ಲಿಯ ಕೂಸುಕುನ್ನಿಗಳೆಲ್ಲ ಎಣ್ಣೆ ಕುಡಿಯುವರೋ ಎಂಬಂತೆ ತಲಾವಾರು ಲೆಕ್ಕ ಹೊರಡಿಸುವ ಪಟ್ಟಿಕಾಕಾರರಿದ್ದಾರೆ. ನಾಲ್ಕನೆಯ ವರ್ಗಕ್ಕೆ ಉದಾಹರಣೆಯನ್ನು ಹುಡುಕುವ ತಾಳ್ಮೆ ನನಗಿಲ್ಲ. ವರ್ಗೀಕರಣವನ್ನು ಇಲ್ಲಿಗೇ ಕೈಬಿಟ್ಟಿದ್ದೇನೆ.

ಇನ್ನು ಪ್ರಮಾಣ. ದೇಶವೊಂದು ಎಷ್ಟು ಉಪಭೋಗಿಸಿತೆಂದು ಯಾರೂ ಮನೆಮನೆಗೆ ಹೋಗಿ ಕೇಳುವುದಿಲ್ಲ. ಎತ್ತಿದ್ದು, ತರಿಸಿದ್ದು ಎರಡನ್ನೂ ಕೂಡಿಸಿ, ಕಳುಹಿಸಿದ್ದನ್ನೂ ಉಗ್ರಾಣದಲ್ಲಿ ಹೆಚ್ಚಿದ್ದನ್ನೂ ಕಳೆದು, ಉಳಿದದ್ದೇ ಉಪಭೋಗವೆನ್ನುತ್ತಾರೆ. ಹಗಲು ಉಣ್ಣದ ದೇವದತ್ತನು ದಪ್ಪಗಿರುವನಾದರೆ ರಾತ್ರಿ ಉಣ್ಣುತ್ತಿರಲೇಬೇಕೆಂಬ ನಮ್ಮ ಮೀಮಾಂಸಕರ ಅರ್ಥಾಪತ್ತಿಯೇ ಇದು. ದೇವದತ್ತನಿಗೆ ಬಾವು ಬಂದಿರಬಹುದೆಂಬ ಶಂಕೆ ಎರಡು ಪಕ್ಷದವರಿಗೂ ಬಂದಂತಿಲ್ಲ. ಲೋಕದ ಒಟ್ಟು ಲೆಕ್ಕವೂ ತಾಳೆಯಾಗದಿರಲು, ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯವರು 'ಸರಿತೂಗಿಸಲು ಇತರೆ' ಎಂಬರ್ಥದ ಒಂದು ಸಾಲನ್ನೇ ತಮ್ಮ ಕೋಷ್ಟಕದಲ್ಲಿಟ್ಟುಕೊಂಡಿದ್ದಾರೆ. ನಮ್ಮ ಊರಿನ ಶ್ಯಾನುಭೋಗರಿಗೆ ಈ ಉಪಾಯ ಹೊಳೆದಿದ್ದರೆ ಎಷ್ಟೊಂದು ಜಗಳಗಳು ತಪ್ಪುತ್ತಿದ್ದವು!

ನಿಕ್ಷೇಪದ ಮಾತು ಇದಕ್ಕಿಂತ ಸೊಗಸು. 1960ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ಒಪೆಕ್ ಎಂಬ ಕೂಟವು 1980ರ ದಶಕದಲ್ಲಿ ಯಾರು ಎಷ್ಟು ಎತ್ತಬೇಕೆಂದು ಪಾಲು ಹಂಚತೊಡಗಿತು. ನಿಕ್ಷೇಪ ದೊಡ್ಡದಾದಷ್ಟೂ ಪಾಲು ಕೇಳುವ ಬಾಯಿಯೂ ದೊಡ್ಡದು. 1985ರಲ್ಲಿ ಕುವೈತಿನ ನಿಕ್ಷೇಪ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಒಂದೂವರೆಯಷ್ಟಾಯಿತು. ಇರಾನು, ಇರಾಕು, ಅಬುಧಾಬಿ, ಸೌದಿ ಅರೇಬಿಯಗಳೂ ಕೆಲವೇ ವರ್ಷಗಳಲ್ಲಿ ಅದೇ ದಾರಿ ಹಿಡಿದವು. ಆಮೇಲೆ ವರ್ಷಾನುಗಟ್ಟಲೆ ಎಣ್ಣೆ ಎತ್ತಿದರೂ ಅಂಕಿ ಮಾತ್ರ ಅಲುಗಲಿಲ್ಲ. ದ್ರೌಪದಿಯ ಅಕ್ಷಯಪಾತ್ರೆಯಾದರೂ ಅವಳು ಉಂಡಮೇಲೆ ಆ ದಿನಕ್ಕೆ ಬರಿದಾಗುತ್ತಿತ್ತು.

ಪಂಡಿತರು ಅಂದು ನೈಜೀರಿಯಾದ ಸಾಲನ್ನೂ ಓದಿದರು. ಅದೇ ಸ್ವರ, ಅದೇ ದಶಮಾಂಶ. 1956ರಲ್ಲಿ ನೈಜರ್ ನದೀಮುಖದ ಒಲೋಯಿಬಿರಿ ಎಂಬ ಹಳ್ಳಿಯಲ್ಲಿ ಆ ದೇಶದ ಮೊದಲ ಲಾಭದಾಯಕ ಬಾವಿ ಸಿಕ್ಕಿತು. ಇಂದು ಆ ಬಾವಿಯೂ ಬತ್ತಿದೆ, ಹಳ್ಳಿಯೂ ಬಡವಾಗಿಯೇ ಇದೆ. ಆ ನದೀಮುಖದ ತೊರೆಗಳಲ್ಲಿ ಎಣ್ಣೆ ತೇಲಿತು, ಮೀನು ಸತ್ತಿತು, ಅನಿಲವನ್ನು ಬಯಲಿನಲ್ಲಿ ಹಗಲಿರುಳು ಸುಟ್ಟದ್ದರಿಂದ ಕತ್ತಲೆಯೆಂಬುದೇ ಇಲ್ಲದ ಊರುಗಳಾದವು. ಇದನ್ನು ಹೇಳಿದ ಒಗೊನಿ ಜನಾಂಗದ ಲೇಖಕ ಕೆನ್ ಸಾರೋ-ವಿವಾನನ್ನು, ಜೊತೆಗೆ ಇನ್ನೆಂಟು ಜನರನ್ನು, 1995ರ ನವೆಂಬರ್ 10ರಂದು ಸೈನಿಕ ಸರ್ಕಾರ ಗಲ್ಲಿಗೇರಿಸಿತು. ಮಾಪಕಕ್ಕೆ ಸಿಗುವ ಮೊದಲೇ ಸೋರಿದ ಎಣ್ಣೆ ಉತ್ಪಾದನೆಯ ಲೆಕ್ಕಕ್ಕೆ ಬರುವುದಿಲ್ಲ. ಸುಡುವ ಮೊದಲೇ ತೊರೆಗೆ ಬಿದ್ದುದನ್ನು ಆ ತೊರೆಯವರು ಉಪಭೋಗಿಸಿದರೆಂದು ಬರೆಯಲೂ ಬರುವುದಿಲ್ಲ. ಯಾವ ದೇಶ ಎತ್ತಿತು ಸ್ವಾಮಿ? ಎತ್ತಿದವನು ಬೇರೆ, ಮಾರಿದವನು ಬೇರೆ, ಮೀನು ಸಿಗದೆ ಬಲೆ ಒಣಗಿಸಿದವನು ಬೇರೆ. ಮೂವರನ್ನೂ 'ನೈಜೀರಿಯಾ' ಎಂಬ ಒಂದು ಹೆಸರಿನೊಳಗೆ ತುರುಕುವುದಕ್ಕೆ ಯಾವ ಶಾಸ್ತ್ರ ಬೇಕು? ಲೋಕದಲ್ಲೇ ಅತಿದೊಡ್ಡ ನಿಕ್ಷೇಪವೆಂದು ಬರೆಸಿಕೊಂಡ ವೆನೆಜುವೆಲಾದಲ್ಲಿ 2020ರಲ್ಲಿ ಜನ ಪೆಟ್ರೋಲಿಗಾಗಿ ದಿನಗಟ್ಟಲೆ ಸಾಲು ನಿಂತರು. ಆ ಸಾಲು ಯಾವ ಕೋಷ್ಟಕದಲ್ಲಿದೆ?

ಕ್ಷಮಿಸಬೇಕು. ಪ್ರಬಂಧಕ್ಕೆ ಈ ಸ್ವರ ಸಲ್ಲದು.

ಭಾರತದ ಸಾಲಿಗೆ ಬರೋಣ. ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮಿಕ್ಕು ಹೊರಗಿನಿಂದ ಬರುತ್ತದೆ. ಆಪತ್ಕಾಲಕ್ಕೆಂದು ನಮ್ಮ ಉಡುಪಿಯ ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ನು, ಮಂಗಳೂರಿನಲ್ಲಿ 15 ಲಕ್ಷ ಟನ್ನು ಹಿಡಿಸುವ ಗುಹೆಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ಅರಬರ ಮರಳಿನಿಂದ ಎತ್ತಿದ್ದನ್ನು ತುಳುನಾಡಿನ ಕಲ್ಲಿನೊಳಗೆ ಮತ್ತೆ ಹೂಳುವುದಕ್ಕೆ ಪಟ್ಟಿಕೆಯಲ್ಲಿ 'ದಾಸ್ತಾನು ವ್ಯತ್ಯಾಸ' ಎಂದು ಹೆಸರು.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ದಾಸ್ತಾನು ಒಂದು ತಗಡಿನ ಡಬ್ಬಿ. ಹೊರಸೀಮೆಯಿಂದ ಬಂದದ್ದೆಂಬುದನ್ನು ಹೆಸರಿನಲ್ಲಿಯೇ ಹೊತ್ತ ಸೀಮೆಎಣ್ಣೆಗಾಗಿ ತಾಯಿ ಪಡಿತರ ಚೀಟಿ ಹಿಡಿದು ಬೆಳಗಿನಿಂದ ಸಾಲು ನಿಲ್ಲುತ್ತಿದ್ದಳು. ನೆಗ್ಗಿದ ಅಳತೆಪಾತ್ರೆಯಲ್ಲಿ ಅಳೆಯುವವನು, ಕೊಸರು ಕೇಳಿದರೆ, ಗದರುತ್ತಿದ್ದನು. ಒಂದು ಸಲ ಡಬ್ಬಿಯ ತಳ ತೂತಾಗಿದ್ದು ತಿಳಿಯದೆ, ಮನೆ ಮುಟ್ಟುವಷ್ಟರಲ್ಲಿ ಅರ್ಧ ಎಣ್ಣೆ ದಾರಿಯ ಮಣ್ಣಿಗೆ ಹೋಯಿತು. ಆ ರಾತ್ರಿ ದೀಪ ಹಚ್ಚಲಿಲ್ಲ. ಅಡುಗೆ ಸಂಜೆಯೇ ಮುಗಿದಿತ್ತು. ಪಂಡಿತರ ಸೂತ್ರದ ಪ್ರಕಾರ ಆ ದಿನ ನಾವು ಪೂರ್ತಿ ಎರಡು ಲೀಟರನ್ನೂ ಉಪಭೋಗಿಸಿದೆವು.