ಖರಾಡಿಯ ಶ್ವಾನದತ್ತಕ ಮೀಮಾಂಸೆ

ಪೀಠಿಕೆ

ಪುಣೆಯ ಪೂರ್ವಕ್ಕೆ, ಮುಳಾ-ಮುಠಾ ನದಿಯ ಮಗ್ಗುಲಲ್ಲಿ, ಈಯಾನ್ ಐಟಿ ಪಾರ್ಕಿನ ಗಾಜುಗೋಡೆಗಳ ನೆರಳಲ್ಲಿ ಖರಾಡಿ ಎಂಬ ಕ್ಷೇತ್ರವಿದೆ. ಅಲ್ಲಿ ಬಾಡಿಗೆಗಿರುವ ಒಬ್ಬ ಕನ್ನಡ ಗೃಹಸ್ಥ, ಅಂದರೆ ಈ ಭಾಷ್ಯಕಾರನೇ, ಜನ್ಮದಲ್ಲಿ ಮೊದಲ ಸಲ ಪ್ರಾಣಿರಕ್ಷಕರ ತಂಡವೊಂದರಿಂದ ನಾಯಿಯನ್ನು ದತ್ತು ಪಡೆದ. ಪೂರ್ವಸೂರಿಗಳು ಈ ವಿಷಯದಲ್ಲಿ ಬಾಯಿ ಬಿಡದ ಕಾರಣ ಈ ಗ್ರಂಥ ಅನಿವಾರ್ಯವಾಯಿತು.

ಸೂತ್ರ 1: ದತ್ತುನಾಯಿ ಯಾವ ಬಗೆಯ ಸಂತಾನ?

ಭಾಷ್ಯ: ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕೂತು ಮಿತಾಕ್ಷರಾ ಬರೆದ ವಿಜ್ಞಾನೇಶ್ವರ 12 ಬಗೆಯ ಪುತ್ರರನ್ನು ವಿವರಿಸುತ್ತಾನೆ. ಕಾಸು ಕೊಟ್ಟು ತಂದವನು ಕ್ರೀತ. ಲ್ಯಾಬ್ರಡಾರ್, ಪಗ್ ಮುಂತಾದ ಕುಲೀನರು ಈ ಗುಂಪು. ತನ್ನನ್ನು ತಾನೇ ಕೊಟ್ಟುಕೊಂಡವನು ಸ್ವಯಂದತ್ತ. ವಡಾಪಾವ್ ಗಾಡಿಯಿಂದ ಲಿಫ್ಟಿನ ತನಕ ಬೆನ್ನು ಹತ್ತಿ ಬರುವವನು ಇವನು. ಹೆತ್ತವರು ತೊರೆದು, ಮತ್ತೊಬ್ಬರು ಎತ್ತಿಕೊಂಡವನು ಅಪವಿದ್ಧ. ನಮ್ಮ ನಾಯಿ ಈ ವರ್ಗದ್ದು.

ಮಿತಾಕ್ಷರ ಪದ್ಧತಿಯಲ್ಲಿ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು. ಇವಳಿಗೆ ಸೋಫಾದಲ್ಲಿ ಹೊಸಿಲು ದಾಟಿದ ಗಳಿಗೆಯಿಂದಲೇ ಹಕ್ಕು. ಹೆಣ್ಣಿಗೆ ಹೇಗೆ ಎಂದು ತಕರಾರು ತೆಗೆಯುವವರು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ನೋಡುವುದು.

ಸೂತ್ರ 2: ಪರೀಕ್ಷೆ ನಾಯಿಗಲ್ಲ, ಗೃಹಸ್ಥನಿಗೆ.

ಭಾಷ್ಯ: ತಂಡದವರು ಕೊಟ್ಟ ಫಾರಂ ಕೇಳಿತು: ಮನೆ ಬಾಡಿಗೆಯದೋ? ಮಾಲೀಕರ ಒಪ್ಪಿಗೆ ಎಲ್ಲಿ? ಬಾಲ್ಕನಿಗೆ ಬಲೆ ಕಟ್ಟಿಸಿದ್ದೀರೋ? ನಾಳೆ ಆನ್‌ಸೈಟ್ ಹೋದರೆ ಇವಳ ಗತಿ? ಈ ಕೊನೆಯದನ್ನು ನನ್ನ ಮಾವ ಕೂಡ ಕೇಳಿರಲಿಲ್ಲ. ಆಮೇಲೆ ಒಬ್ಬ ಹುಡುಗಿ ಮನೆಗೇ ಬಂದು, ಚಹಾ ಬೇಡವೆಂದು, ಬಾಲ್ಕನಿಯ ಬಲೆಯನ್ನು ಎರಡೂ ಕೈಯಿಂದ ಜಗ್ಗಿ ನೋಡಿದಳು.

ಪೂರ್ವಪಕ್ಷ: ಇಷ್ಟೆಲ್ಲ ಯಾಕೆ? ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗ ಬೂತುಗ ಬೇಕಾದ್ದು ಬೇಡಿಕೋ ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಅರಸ ಕೊಟ್ಟೇಬಿಟ್ಟ. ಈ ಕಥೆ ಹೇಳುವ ಆತಕೂರಿನ ಶಾಸನದಲ್ಲಿ ಫಾರಮ್ಮಿನ ಸುದ್ದಿಯೇ ಇಲ್ಲ.

ಉತ್ತರ: ಪರಿಣಾಮವನ್ನೂ ಅದೇ ಶಾಸನ ಹೇಳುತ್ತದೆ. ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ಮನೆ ತಪಾಸಣೆ ಮಾಡದೆ ನಾಯಿ ಕೊಟ್ಟರೆ ಹೀಗೇ ಆಗುವುದು. ಆದ್ದರಿಂದ ಬಲೆ ಜಗ್ಗಿದ್ದು ಶಾಸ್ತ್ರಸಮ್ಮತ.

ಸೂತ್ರ 3: ಅರ್ಧ ಭಾಷೆಗೆ ಅರ್ಧ ದಾರಿ.

ಭಾಷ್ಯ: ಇವಳು ಬೆಳೆದದ್ದು ಮರಾಠಿ ಮನೆಯ ಆಸರೆಯಲ್ಲಿ. ಕೂತ್ಕೋ ಅಂದರೆ ಗೋಡೆ ನೋಡುತ್ತಾಳೆ, ಬಸ್ ಅಂದರೆ ಕೂರುತ್ತಾಳೆ. "ಈ ಕಡೆ ಬಾ" ಎಂದಾಗ ಮಾತ್ರ ಪಂಡಿತರು ಗಮನಿಸತಕ್ಕ ವಿದ್ಯಮಾನ ನಡೆಯುತ್ತದೆ. "ಈ ಕಡೆ" ಅನ್ನುವುದು ಮರಾಠಿಯ "ಇಕಡೇ" ಆಗಿ ಕಿವಿಗೆ ಬಿದ್ದು ಅವಳು ಹೊರಡುತ್ತಾಳೆ. "ಯೇ" ಬರಬೇಕಾದಲ್ಲಿ "ಬಾ" ಬಂದಾಗ ಕೋಣೆಯ ನಟ್ಟನಡುವೆ, ಒಂದು ಮುಂಗಾಲು ಎತ್ತಿಕೊಂಡು, ನಿಂತುಬಿಡುತ್ತಾಳೆ. ಗಡಿ ಸಮಸ್ಯೆಯನ್ನು ಇಷ್ಟು ಸೌಮ್ಯವಾಗಿ ಮಂಡಿಸಿದ ಆಯೋಗವನ್ನು ನಾನು ಕಾಣೆ.

ಉಪಸಂಹಾರ

ಮೂರು ದಿನ ಅಂಜಿಕೆ, ಮೂರು ವಾರ ಹೊಂದಿಕೆ, ಮೂರು ತಿಂಗಳಿಗೆ ಸಲಿಗೆ ಎಂಬುದು ನಾಯಿ ಕೊಡುವವರ ವಾಡಿಕೆ ಲೆಕ್ಕ. ಮೊದಲ ಮೂರು ದಿನ ಇವಳು ಊಟದ ಮೇಜಿನಡಿ ಅಜ್ಞಾತವಾಸದಲ್ಲಿದ್ದು ಬಟ್ಟಲು ಮುಟ್ಟಲಿಲ್ಲ. ನಾಲ್ಕನೆಯ ರಾತ್ರಿ ನಾನೂ ತಟ್ಟೆ ಹಿಡಿದು ಮೇಜಿನಡಿ ನುಸುಳಿ ಕೂತೆ. ತಲೆಗೆ ಮೇಜು ಬಡಿಯಿತು. ಅವಳು ತಿಂದಳು.

ಕಾಳಿಗಾಗಿ ನಿಲ್ಲಿಸಿದ ಆ ಶಾಸನದ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ ಉಂಡರೆ ಪಾಪ ಎಂದು ಆತಕೂರಿನಲ್ಲಿ ಬರೆದಿದೆ. ಖರಾಡಿಯ ಹನ್ನೊಂದನೆಯ ಮಹಡಿಯಲ್ಲಿ ಆ ವಿಧಿ ಈಗಲೂ ಜಾರಿಯಲ್ಲಿದೆ, ಅದೂ ಕಲ್ಲಿನ ಖರ್ಚಿಲ್ಲದೆ: ಅವಳ ಬಟ್ಟಲು ತುಂಬದ ಹೊರತು ನನ್ನ ತಟ್ಟೆಗೆ ಸಾರು ಬೀಳುವುದಿಲ್ಲ.