ಚಮಚದಷ್ಟು ಎಣ್ಣೆ

ಇಂಗ್ಲೆಂಡಿನ ಜನವರಿಯಲ್ಲಿ ಹಳೇ ಕಾರು ಸಾಕುವವನಿಗೆ ಮನೆಯ ಹೀಟರಿಗಿಂತ ಕಾರ್ಬೊರೇಟರಿನ ಡ್ಯಾಂಪರ್ ಆಯಿಲ್ ಚಿಂತೆಯೇ ದೊಡ್ಡದು. ಹಿಡಿಸುವುದು ಚಮಚದಷ್ಟು, ಅದರ ಮೇಲಿನ ಚರ್ಚೆ ಪೀಪಾಯಿಗಟ್ಟಲೆ.

ನಮ್ಮದು ಎಂಜಿಬಿ. 1962ರಿಂದ 1980ರವರೆಗೆ ಅಬಿಂಗ್ಡನ್ನಿನಲ್ಲಿ ತಯಾರಾದ ಈ ಕಾರು ನಮ್ಮ ಅಂಬಾಸಿಡರಿಗೆ ಎಂಜಿನ್ ಕಡೆಯಿಂದ ದಾಯಾದಿ. ಎರಡರದ್ದೂ ಬಿಎಂಸಿ ಕಂಪನಿಯ ಬಿ-ಸೀರೀಸ್; ಅದು 1489 ಸಿಸಿ, ಇದು 1798. ಮಂಡ್ಯದ ಸೋದರಮಾವ ತಮ್ಮ ಅಂಬಾಸಿಡರಿನ ಡ್ಯಾಂಪರಿಗೆ ಕೈಗೆ ಸಿಕ್ಕ ಎಂಜಿನ್ ಆಯಿಲನ್ನೇ ಬಿಡುತ್ತಿದ್ದರು. ಆ ಬಿಸಿಲಲ್ಲಿ ಯಾವ ಎಣ್ಣೆಯೂ ಬಿಂಕ ತೋರಿಸುತ್ತಿರಲಿಲ್ಲ.

ನಮ್ಮ ಎಂಜಿಬಿಯ ಎಸ್‌ಯು ಕಾರ್ಬೊರೇಟರಿನೊಳಗೆ ಗಾಳಿಯ ಸೆಳೆತಕ್ಕೆ ಒಂದು ಪಿಸ್ಟನ್ ಮೇಲೇಳುತ್ತದೆ, ಜೊತೆಗೆ ಪೆಟ್ರೋಲಿನ ದಾರಿ ಕಾಯುವ ಸೂಜಿಯೂ. ಆಕ್ಸಿಲರೇಟರ್ ತುಳಿದ ಕೂಡಲೇ ಪಿಸ್ಟನ್ ದಡಕ್ಕನೆ ಎದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಕಾರು ಮುಗ್ಗರಿಸುತ್ತದೆ. 'ಸ್ವಲ್ಪ ತಡಿ ಮಾರಾಯ' ಎಂದು ಅದನ್ನು ಹಿಡಿದುಕೊಳ್ಳುವುದೇ ಈ ಎಣ್ಣೆ. ತೆಳುವಾದರೆ ಹಿಡಿಯುವುದಿಲ್ಲ, ಮಂದವಾದರೆ ಬಿಡುವುದಿಲ್ಲ.

ಈ ವಿಷಯದಲ್ಲಿ ಇಲ್ಲಿ ಮೂರು ಮತಗಳಿವೆ. ಹೊಲಿಗೆ ಮೆಷಿನ್ನಿಗೆ ಬಿಡುವ ತ್ರೀ-ಇನ್-ಒನ್ ಮತ, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಎಣ್ಣೆಯ ಮತ, ಎಂಜಿನ್ನಿಗೆ ಹಾಕುವ 20ಡಬ್ಲ್ಯೂ-50 ಮತ. ಪಕ್ಕದ ಮನೆಯ ನಿವೃತ್ತ ಮೆಕ್ಯಾನಿಕ್ ಮೂರನೆಯದರ ಕಟ್ಟಾ ಅನುಯಾಯಿ. ಆದರೆ ಚಳಿಯಲ್ಲಿ ಎಣ್ಣೆಯ ಗತಿ ಏನೆಂದು, ಬಚ್ಚಲಲ್ಲಿ ತೆಂಗಿನೆಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿ ಕುಟ್ಟಿದ ಕನ್ನಡಿಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾಲದ್ದಕ್ಕೆ ಕಾರ್ಬೊರೇಟರ್‌ಗಳು ಕೂತಿರುವುದು ಬಿಸಿ ಹೊಗೆ ಹೋಗುವ ಮ್ಯಾನಿಫೋಲ್ಡಿನ ಮೇಲೆಯೇ. ಹೊರಟಾಗ ಎಣ್ಣೆಗೆ ಮಾಘದ ಚಳಿ, ಪೇಟೆ ಮುಟ್ಟುವಷ್ಟರಲ್ಲಿ ಯುಗಾದಿ.

ನಾನು 20 ಗ್ರೇಡಿನ ಬಡಪಾಯಿ ಎಣ್ಣೆ ತಂದೆ. ಕಪ್ಪು ಮುಚ್ಚಳ ತಿರುಗಿಸಿ, ಹಿತ್ತಾಳೆ ತುದಿಯ ಕಡ್ಡಿ ಎತ್ತಿ, ಹನಿಹನಿಯಾಗಿ ಬಿಟ್ಟು, ಕಡ್ಡಿಯನ್ನು ಮತ್ತೆ ಇಳಿಸಬೇಕು. ಮುಚ್ಚಳ ಕೂರಲು ಇನ್ನೂ 6 ಮಿಲಿಮೀಟರ್ ಇರುವಾಗಲೇ ಬೆರಳಿಗೆ ಎಣ್ಣೆಯ ತಡೆ ತಾಗಿದರೆ ಮಟ್ಟ ಸರಿ. ತಾಗಿತು.

"ರೀ, ಒಗ್ಗರಣೆಗೆ ಎಣ್ಣೆ ತರೋವಾಗ ಒಂದು ದಿನ ಹೀಗೆ ಯೋಚನೆ ಮಾಡಿದ್ದೀರಾ?" ಎಂದಳು ಹೆಂಡತಿ, ಬಾಗಿಲಲ್ಲಿ ಶಾಲು ಹೊದ್ದು ನಿಂತು.

ಕಾರು ಕೆಮ್ಮದೆ ಹೊರಟಿತು. ಅಂದಿನಿಂದ ತ್ರೀ-ಇನ್-ಒನ್ ಮತದವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಪಕ್ಕದ ಮನೆಯವರು ಮಾತು ನಿಲ್ಲಿಸುತ್ತಲೇ ಇಲ್ಲ.