ಸೆಕೆಂಡಿಗೊಂದು ಹನಿ

ಮೊನ್ನೆ ರಾತ್ರಿ ಹತ್ತರ ಮೇಲೆ ನಮ್ಮ ಬಚ್ಚಲಿಂದ ನೀರು ತೊಟ್ಟಿಕ್ಕೋ ಸದ್ದು ನಿಮ್ಮ ಮನೆಗೂ ಕೇಳಿಸಿರಬೇಕು, ಅಲ್ವಾ? ಗಾಬರಿ ಬೇಡಿ, ನಲ್ಲಿ ಕೆಟ್ಟಿಲ್ಲ. ಬೇಕಂತಲೇ ಬಿಟ್ಟದ್ದು. ಯಾಕೆ ಅಂತ ಹೇಳ್ತೀನಿ, ಆದರೆ ಅದನ್ನ ಮೊದಲಿಂದಲೇ ಹೇಳಬೇಕು.

ನನ್ನ ತಂಗಿ ಮಗಳು ಗೊತ್ತಲ್ಲ, ಡಿಗ್ರಿ ಎರಡನೇ ವರ್ಷ ಓದ್ತಿರೋಳು? ಅವರ ಕಾಲೇಜಲ್ಲಿ ಐದೈದು ಮಕ್ಕಳ ಗುಂಪು ಮಾಡಿ, ‘ನಮ್ಮ ಕ್ಯಾಂಪಸ್ಸಿನ ಸುಸ್ಥಿರತೆ’ ಅಂತ ಏಳು ನಿಮಿಷದ ವಿಡಿಯೊ ಮಾಡ್ಕೊಂಡು ಬನ್ನಿ ಅಂದಿದ್ದಾರೆ. ಪರಿಸರದ ಪಾಠ ಈಗ ಎಲ್ಲ ಕಾಲೇಜಲ್ಲೂ ಇದೆಯಲ್ಲ. ಎಂ.ಸಿ. ಮೆಹ್ತಾ ಅನ್ನೋ ವಕೀಲರು ಸುಪ್ರೀಂ ಕೋರ್ಟಿನ ತನಕ ಹೋಗಿ, 1991ರಲ್ಲಿ ತೀರ್ಪು ಬಂದಿದ್ದರ ಫಲ ಅದು. ಬರೀ ಪುಸ್ತಕ ಓದಿ ಪರೀಕ್ಷೆ ಬರೆಯೋದಕ್ಕಿಂತ ವಿಡಿಯೊ ಮಾಡೋದು ಎಷ್ಟೋ ವಾಸಿ ಅಂತ ನನಗೆ ಆವತ್ತೇ ಅನ್ನಿಸ್ತು. ಕ್ಯಾಮೆರಾ ಹಿಡ್ಕೊಂಡವರು ಏನನ್ನಾದರೂ ನೋಡಲೇಬೇಕಲ್ಲ.

ಮೊದಲ ದಿನ ಬೆಳಿಗ್ಗೆ ಐದಕ್ಕೇ ಎದ್ದು ಐವರೂ ಕುಕ್ಕರಹಳ್ಳಿ ಕೆರೆಗೆ ಓಡಿದ್ರು. ಸೂರ್ಯೋದಯ, ನೀರಿನ ಮೇಲೆ ಮಂಜು, ಮರದ ತುದೀಲಿ ಹೆಜ್ಜಾರ್ಲೆ, ಎಲ್ಲಾ ಚೆನ್ನಾಗೇ ಬಂದಿತ್ತು. ಕೆರೆ ಅಂದ ಮೇಲೆ ನನ್ನ ಮನಸ್ಸು ನಿಲ್ಲೋದಿಲ್ಲ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಹೊಲಗದ್ದೆಗೆ ನೀರುಣಿಸಲು ಕಟ್ಟಿಸಿದ್ದಂತೆ ಅದು. ಕುವೆಂಪು ಅವರು ತಿರುಗಾಡ್ತಿದ್ದ ಏರಿ. ನಮ್ಮ ತಂದೆ ಭಾನುವಾರ ನಮ್ಮಿಬ್ಬರ ಕೈ ಹಿಡ್ಕೊಂಡು ಅಲ್ಲೇ ಸುತ್ತಾಡಿಸೋರು, ವಾಪಸ್ ಬರ್ತಾ ಕಳ್ಳೇಕಾಯಿ ಕೊಡಿಸೋರು... ಏನು ಹೇಳ್ತಿದ್ದೆ? ಹಾಂ, ವಿಡಿಯೊ. ತೋರಿಸಿದಳು. ನಾನು ಕೇಳಿದೆ, “ಪುಟ್ಟಿ, ಕೆರೆ ನಿಮ್ಮ ಕಾಲೇಜಿಂದೇನೇ?” ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ತಾನೇ ಹೋಗಿ ಗುಂಪಿನವರಿಗೆ ಹೇಳಿ ಅಷ್ಟನ್ನೂ ತೆಗೆಸಿದಳು. ಐದು ಗಂಟೆಗೆ ಎದ್ದ ಮಕ್ಕಳು! ನನಗೇ ಕರುಳು ಚುರುಕ್ ಅಂತು.

ಎರಡನೇ ದಿನ ಕಾಂಪೌಂಡಿನೊಳಗೇ ಉಳಿದ್ರು. ಮಾಲಿಯವರ ಮುಂದೆ ಮೈಕ್ ಹಿಡಿದು, “ಸುಸ್ಥಿರತೆ ಬಗ್ಗೆ ನಿಮ್ಮ ಅಭಿಪ್ರಾಯ?” ಅಂದ್ರಂತೆ. ಆತ ನಕ್ಕು, “ನಂಗೆ ಅದೆಲ್ಲ ಗೊತ್ತಾಗಕಿಲ್ಲ ಕಣವ್ವಾ” ಅಂದುಬಿಟ್ರು. ಇವಳು ಬುದ್ಧಿವಂತೆ. ಮೈಕ್ ಕೆಳಗಿಟ್ಟು, “ಅಣ್ಣ, ಈ ತರಗೆಲೆ ಎಲ್ಲಾ ಏನ್ ಮಾಡ್ತೀರಿ?” ಅಂದಳು. ತಗೊಳ್ಳಿ, ಕಾಲು ಗಂಟೆ ಬಾಯಿ ಮುಚ್ಚಲಿಲ್ಲವಂತೆ! ಹೊಂಗೆ ಎಲೆ ಬೇಗ ಕೊಳೆಯತ್ತೆ, ಮಾವಿನೆಲೆ ತಡ ಮಾಡತ್ತೆ, ಎರಡನ್ನೂ ಬೆರೆಸಿ ಗುಂಡಿಗೆ ಹಾಕ್ಬೇಕು, ನಡುನಡುವೆ ಸಗಣಿ ನೀರು ಚಿಮುಕಿಸ್ಬೇಕು, ಬೆಂಕಿ ಮಾತ್ರ ಇಡಬಾರದು. ಕೊನೆಗೆ ಗುಂಡಿಯಿಂದ ಒಂದು ಹಿಡಿ ತೆಗೆದು ಇವಳ ಅಂಗೈಗೆ ಹಾಕಿದ್ರಂತೆ. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ವಾಸನೆ. ವಿಡಿಯೊದಲ್ಲಿ ವಾಸನೆ ಬರಲ್ಲವಲ್ಲ ದೊಡ್ಡಮ್ಮ ಅಂತ ಮನೆಗೆ ಬಂದು ಒಂದೇ ಸಮ ಕೊರಗಿದಳು.

ಕ್ಯಾಂಟೀನಿನ ಕಥೆ ಇನ್ನೂ ಚೆನ್ನಾಗಿದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ಚಮಚ, ಸ್ಟ್ರಾ ಎಲ್ಲಾ ಬಂದಾಯ್ತಲ್ಲ, ಪೇಪರ್ ಕಪ್ಪಿಗೆ ಒಳ್ಳೇ ಹೆಸರು ಬಂದುಬಿಟ್ಟಿದೆ. ಇವರೂ ‘ನಮ್ಮ ಕ್ಯಾಂಟೀನಲ್ಲಿ ಪೇಪರ್ ಕಪ್’ ಅಂತ ಹೆಮ್ಮೆಯಿಂದ ಒಂದು ಸಾಲು ಬರೆದಿದ್ರು. ಅಷ್ಟರಲ್ಲಿ ಗುಂಪಿನ ಒಬ್ಬ ಹುಡುಗ ಒಂದು ಕಪ್ಪನ್ನು ಹರಿದು ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ಟ. ಬೆಳಿಗ್ಗೆ ಕಾಗದ ಕೈಗೆ ಮೆತ್ತಗೆ ಬಂತು, ಒಳಗಿಂದ ಈರುಳ್ಳಿ ಪೊರೆ ಹಾಗೆ ತೆಳ್ಳಗೊಂದು ಪ್ಲಾಸ್ಟಿಕ್ ಹಾಳೆ ಎದ್ದು ಬಂತು! ಅದನ್ನ ಬಿಸಿಲಿಗೆ ಹಿಡಿದು ತೆಗೆದಿರೋ ಹತ್ತು ಸೆಕೆಂಡು ಇದೆ ನೋಡಿ, ಇಡೀ ವಿಡಿಯೊಗೆ ಅದೇ ಕಳಶ. ಖರಗ್‌ಪುರದ ಐಐಟಿಯವರು 2020ರಲ್ಲಿ ಹೇಳಿದ್ದೂ ಇದನ್ನೇ. ಅಂಥ ಕಪ್ಪಲ್ಲಿ 100 ಮಿಲಿಲೀಟರ್ ಬಿಸಿನೀರನ್ನ ಕಾಲು ಗಂಟೆ ಇಟ್ಟರೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣ 25,000ದಷ್ಟು ಸೇರತ್ತಂತೆ.

ಅದನ್ನ ನೋಡಿ ನನಗೆ ನಮ್ಮಜ್ಜಿ ಮನೆ ಜಗಲಿ ನೆನಪಾಯ್ತು. ಮದುವೆ ಗೊತ್ತಾಯ್ತು ಅಂದ್ರೆ ತಿಂಗಳು ಮೊದಲೇ ಒಣಗಿದ ಮುತ್ತುಗದೆಲೆ ಕಂತೆ ಬಿಚ್ಚೋರು. ನೀರು ಚಿಮುಕಿಸಿ ಮೆದು ಮಾಡಿ, ಸುತ್ತ ಕೂತು ಕಡ್ಡಿ ಚುಚ್ಚೋದು. ನಾನು ಹಚ್ಚಿದ ಎಲೇಲಿ ಸಾರು ಸೋರತ್ತೆ ಅಂತ ಅಜ್ಜಿ ಅದನ್ನ ಉಪ್ಪಿಟ್ಟಿಗೆ ಅಂತಲೇ ಬೇರೆ ಎತ್ತಿಡೋರು. ಉಂಡ ಎಲೆ ತಿಪ್ಪೆಗೆ, ತಿಪ್ಪೆ ಗದ್ದೆಗೆ. ಅದಕ್ಕೊಂದು ಹೆಸರಿರಲಿಲ್ಲ ನೋಡಿ ಆಗ. ಇದನ್ನ ಹೇಳಿದ್ದಕ್ಕೆ ಇವಳು ಕ್ಯಾಂಟೀನಿನವರನ್ನ ಹೋಗಿ ಕೇಳಿದಳು. ಸ್ಟೀಲ್ ಲೋಟ ಮೂಟೆಗಟ್ಟಲೆ ಒಳಗೇ ಇದೆಯಂತೆ, ತೊಳೆಯೋಕೆ ಒಬ್ಬರು ಸಾಲದು ಅಷ್ಟೆ. ಆ ತೊಳೆಯೋ ಅಮ್ಮನ್ನೂ ಮಾತಾಡಿಸಿ ವಿಡಿಯೊದಲ್ಲಿ ಹಾಕಿದ್ದಾಳೆ. ಹಾಕಲೇಬೇಕಿತ್ತು. ಲೋಟ ಬಳಸಿ ಅಂತ ಹೇಳೋದು ಸುಲಭ, ಮುನ್ನೂರು ಲೋಟ ತೊಳೆಯೋ ಕೈ ಯಾರದು, ಅಲ್ವಾ?

ಸೋಲಾರ್ ಹಲಗೆ, ಫ್ಯಾನು, ಲೈಟು ಎಲ್ಲಾ ಒಂದು ನಿಮಿಷದಲ್ಲಿ ಮುಗಿಸಿದ್ದಾರೆ. ಅದು ಸಾಕು.

ಇನ್ನು ನಲ್ಲಿ. ಹಾಸ್ಟೆಲ್ ಹಿಂದೆ ಒಂದು ನಲ್ಲಿ ಸೋರ್ತಿತ್ತಂತೆ, ಸೆಕೆಂಡಿಗೊಂದು ಹನಿ. ಕೆಮ್ಮಿನ ಟಾನಿಕ್ ಜೊತೆ ಬರತ್ತಲ್ಲ, ಆ ಅಳತೆ ಮುಚ್ಚಳ ಇಟ್ಟು ಎಣಿಸಿದ್ರು. ನೂರು ಹನಿಗೆ 5 ಮಿಲಿಲೀಟರ್. ದಿನಕ್ಕೆ 86,400 ಸೆಕೆಂಡು. ಕೂಡಿಸಿ ನೋಡಿದ್ರೆ ದಿನಕ್ಕೆ 4 ಲೀಟರ್ ಮೇಲೆ, ವರ್ಷಕ್ಕೆ 1,500 ಲೀಟರ್ ದಾಟತ್ತೆ. ನಮ್ಮ ತಾರಸಿ ಮೇಲಿನ ಟ್ಯಾಂಕ್ 1,000 ಲೀಟರಿನದು, ಅಂದ್ರೆ ಒಂದೂವರೆ ಟ್ಯಾಂಕ್! ವಿಡಿಯೊ ಪೂರ್ತಿ ಹಿನ್ನೆಲೇಲಿ ಆ ಹನಿ ಸದ್ದೇ ಇರಲಿ, ಸಂಗೀತ ಬೇಡ ಅಂತ ತೀರ್ಮಾನ ಮಾಡಿದ್ರು. ಎಂಥ ಒಳ್ಳೇ ಯೋಚನೆ! ಆದರೆ ರೆಕಾರ್ಡ್ ಮಾಡಿದ ದಿನ ಗಾಳಿ ಜಾಸ್ತಿ, ಜೊತೆಗೆ ಕಾಗೆ. ಮಾರನೇ ದಿನ ಹೋದ್ರೆ ನಲ್ಲಿ ನಿಂತಿದೆ. ಇವರು ಕೂತು ಎಣಿಸ್ತಿದ್ದಿದ್ದನ್ನ ನೋಡಿದ ಪ್ಲಂಬರ್ ಬಂದು ವಾಷರ್ ಬದಲಾಯಿಸಿದ್ದಾರೆ! ಕುಣಿದಾಡ್ಬೇಕೋ ಅಳಬೇಕೋ ಐವರಿಗೂ ಗೊತ್ತಾಗಲಿಲ್ಲವಂತೆ.

ಅದಕ್ಕೇ ಮೊನ್ನೆ ರಾತ್ರಿ, ಬೀದಿ ಸದ್ದು ಅಡಗಿದ ಮೇಲೆ, ನಮ್ಮ ಬಚ್ಚಲಿಗೆ ಬಂದಿದ್ದು. “ಬೇರೆ ನಲ್ಲಿ ಸದ್ದು ಹಾಕಿದ್ರೆ ಮೋಸ ಆಗಲ್ವೇನೇ?” ಅಂದೆ. “ಬೇರೆ ಮನೇಲಿ ರೆಕಾರ್ಡ್ ಮಾಡಿದ್ದು ಅಂತ ಕೊನೇಲಿ ಬರೆದೇ ಬರೀತೀವಿ ದೊಡ್ಡಮ್ಮ” ಅಂತ, ಫೋನಿನ ಗಡಿಯಾರ ನೋಡ್ಕೊಂಡು ನಲ್ಲೀನ ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಸೆಕೆಂಡಿಗೊಂದು ಹನಿಗೆ ತಂದಳು. ಕೆಳಗೆ ತಾಮ್ರದ ತಂಬಿಗೆ. ಕಾಲು ಗಂಟೆ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ವಿ. ಆದಮೇಲೆ ನಲ್ಲಿ ಬಿಗಿಯಾಗಿ ತಿರುಗಿಸಿ, ತಂಬಿಗೆ ತಳದಲ್ಲಿದ್ದ ನಾಲ್ಕು ಚಮಚ ನೀರನ್ನ ತಗೊಂಡು ಹೋಗಿ ಇಗೋ, ಈ ಬೇಲಿ ಪಕ್ಕದ ದೊಡ್ಡಪತ್ರೆ ಬುಡಕ್ಕೇ ಹಾಕಿದಳು.